ಜಾಝ್ ಪ್ರಶಸ್ತಿಗೆ ಹೋದ ಹಸೆ ಹಾಡು

ಅವರೆಕಾಳು ಹಿದುಕುತ್ತಾ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ರಾತ್ರಿ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿ, ಬೆರಳು ತಾಗಿಸಿದರೆ ಸಾಕು, ಸಿಪ್ಪೆ ಬಿಟ್ಟು ಜಾರಿ ಬೋಗುಣಿಗೆ ಬೀಳುತ್ತಿತ್ತು. ಅದೊಂದು ಪುಣ್ಯ. ಕೆಲವು ಸಲ ಸಂತೆಯಿಂದ ತಂದದ್ದು ಬಲಿತುಹೋಗಿ ಉಗುರೇ ಕಿತ್ತುಬರುತ್ತದೆ. ಅಷ್ಟರಲ್ಲಿ ಮೇಲ್ಮನೆಯ ಸಾರ್ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು.

“ಅಮ್ಮಾ, ಲಿಸ್ಟ್ ಬಂತು! ನಮ್ಮ ಆಲ್ಬಮ್ ಲಿಸ್ಟಲ್ಲಿದೆ!”

“ಯಾವ ಲಿಸ್ಟು ಸಾರ್?” ಅಂದೆ. ನನ್ನ ತಲೆಯಲ್ಲಿದ್ದದ್ದು ರೇಷನ್ ಅಂಗಡಿಯದು.

“ಪ್ರಶಸ್ತಿದು ಅಮ್ಮಾ. ದೇಶಕ್ಕೆಲ್ಲಾ ಸೇರಿಸಿ ಜಾಝ್ ಆಲ್ಬಮ್‌ಗೆ ಕೊಡ್ತಾರಲ್ಲ, ಅದು. ಕಡೇ ಸುತ್ತಿಗೆ ಬಂದಿದೀವಿ. ನೀವೂ ಬಂದಿದೀರ!”

ನಾನು ಸೆರಗಿಗೆ ಕೈ ಒರೆಸಿಕೊಂಡು ಹನುಮಂತರಾಯನ ಗುಡಿ ಇರುವ ಕಡೆಗೆ ತಿರುಗಿ ಒಂದು ಸಲ ಕೈ ಮುಗಿದೆ. ಆಮೇಲೆ ಪಕ್ಕದ ಮನೆಯ ಬಾಗಿಲು ನೋಡಿದೆ. ಬಾಗಿಲು ಅರ್ಧ ಮುಚ್ಚಿತ್ತು.

ಈ ಸಾರ್ ಕೃಷ್ಣಗಿರಿ ಕಡೆಯವರು. ಮನೆಮಾತು ತಮಿಳು, ನಮ್ಮ ಹತ್ತಿರ ಮಾತ್ರ ತಡವರಿಸಿಕೊಂಡು ಕನ್ನಡ. ಸ್ಯಾಕ್ಸೋಫೋನ್ ನುಡಿಸುವುದು ಅವರ ಕೆಲಸ. ಮತ್ತಿಗಿರಿಯ ನಮ್ಮ ಮನೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ಕಿಟಕಿಗಳಿಗೆಲ್ಲ ಹಳೇ ಹಾಸಿಗೆ ಒರಗಿಸಿ, ಅದನ್ನೇ ರೆಕಾರ್ಡಿಂಗ್ ಮಾಡುವ ಜಾಗ ಮಾಡಿಕೊಂಡಿದ್ದರು. ಜಾಝ್ ಅಂದರೆ ಏನು ಎಂದು ಕೇಳಿದರೆ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಒಬ್ಬರು ಒಂದು ರಾಗ ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಮತಮಗೆ ತೋಚಿದ ಕಡೆ ಅಲೆದು, ಕಡೆಗೆ ಎಲ್ಲರೂ ಒಂದೇ ಬಾಗಿಲಿಗೆ ಬಂದು ಸೇರುತ್ತಾರೆ. ಕೇಳಿ ಕೇಳಿ ನನಗೆ ಅಷ್ಟು ಗೊತ್ತಾಗಿದೆ.

ನಮ್ಮ ಬೀದಿಯ ಒಂದು ಮದುವೆಯಲ್ಲಿ ನಾನೂ ನನ್ನ ವಾರಗಿತ್ತಿಯೂ ಹಸೆಗೆ ಕರೆಯುವ ಹಾಡು ಹೇಳುವುದನ್ನು ಇವರು ಚಪ್ಪರದ ಕಂಬಕ್ಕೆ ಒರಗಿ ನಿಂತು ಕೇಳಿದ್ದರು. ವಾರಗಿತ್ತಿ ಅಂದರೆ ನಮ್ಮೆಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುವುದು. ಎರಡು ಮನೆಗೂ ಒಂದೇ ಗೋಡೆ, ಒಂದೇ ಹಿತ್ತಿಲು, ಒಂದೇ ಒಗೆಯುವ ಕಲ್ಲು. ನಾನು ಈ ಮನೆಗೆ ಬಂದಾಗಿನಿಂದ ಅಕ್ಕ ಹಾಡನ್ನು ಎತ್ತಿಕೊಡುತ್ತಾಳೆ, ನಾನು ಹಿಂದೆ ಹೇಳುತ್ತೇನೆ. ಅವಳ ಸಾಲು ಮುಗಿಯುವುದಕ್ಕೆ ಮುಂಚೆಯೇ, ಅವಳ ಕಡೆಯ ಉಸಿರಿನ ಮೇಲೆ ನನ್ನ ಸಾಲು ಹತ್ತಬೇಕು. ನಡುವೆ ಕೂದಲು ತೂರುವಷ್ಟೂ ಸಂದು ಇರಬಾರದು.

ರೆಕಾರ್ಡಿಂಗಿನ ದಿನ ನಾವು ಮಾಡಿದ ಪೇಚಾಟ ಒಂದೆರಡಲ್ಲ. ಮಷೀನಿನ ಹುಡುಗ ನಮ್ಮಿಬ್ಬರನ್ನು ಎರಡು ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಲು ಬಂದ. “ಅವಳ ಬಾಯಿ ಕಾಣದೆ ನಾನು ಹಾಡೋದೆಂಗಪ್ಪ?” ಅಂದೆ. ಕಡೆಗೆ ನೆಲದ ಮೇಲೆ ಚಾಪೆ ಹಾಸಿ, ಮಂಡಿಗೆ ಮಂಡಿ ತಾಗಿಸಿ ಕೂತು, ನಡುವೆ ಒಂದೇ ಮೈಕು ಇಡಿಸಿಕೊಂಡೆವು. ಇನ್ನೊಂದು ತೊಡಕು: ಹಸೆ ಹಾಡನ್ನು ಖಾಲಿ ಹಸೆಯ ಮುಂದೆ ಹೇಳುವ ಹಾಗಿಲ್ಲ. ರಂಗೋಲಿ ಬಿಡಬೇಕು, ದೀಪ ಹಚ್ಚಬೇಕು, ಮಣೆಯ ಮೇಲೆ ಒಬ್ಬ ಹೆಣ್ಣುಮಗಳು ಕೂತಿರಬೇಕು. ಅಕ್ಕನ ಮಗಳಿಗೆ ಆಗ ತಾನೇ ಮದುವೆಯಾಗಿತ್ತು, ಅರಿಶಿನ ಇನ್ನೂ ಮೈಮೇಲೇ ಇತ್ತು. ಅವಳನ್ನೇ ಕೂರಿಸಿದೆವು. ಅಕ್ಕ ಎತ್ತಿದಳು, ನಾನು ಹಿಡಿದೆ, ಎರಡು ಸಾಲು ಆದ ಮೇಲೆ ಸ್ಯಾಕ್ಸೋಫೋನು, ದಪ್ಪ ತಂತಿಯ ಬೇಸು, ಡ್ರಮ್ಸು ಒಂದೊಂದಾಗಿ ಒಳಗೆ ಬಂದವು. ನಾವು ಹಾರ್ಮೋನಿಯಂ ಶ್ರುತಿಗೆ ಹಾಡುವವರಲ್ಲ, ಅಕ್ಕನ ಗಂಟಲು ಆವತ್ತು ಎಲ್ಲಿಂದ ಏಳುತ್ತದೋ ಅದೇ ಶ್ರುತಿ. “ನೀವು ಎಲ್ಲಿಂದ ಎತ್ಕೊಂಡ್ರೂ ನಾವು ಬರ್ತೀವಮ್ಮಾ,” ಅಂದಿದ್ದರು ಸಾರ್. ಬಂದರು ಕೂಡ.

ಇಷ್ಟಾದ ಮೇಲೆ, ಆಷಾಢದಲ್ಲಿ, ನಮ್ಮ ಭಾವ ಫ್ಯಾಕ್ಟರಿಯಿಂದ ಬಂದು ಕಾಫಿ ಕುಡಿದು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಆವತ್ತಿನಿಂದ ಅಕ್ಕ ಯಾವ ಚಪ್ಪರದ ಕೆಳಗೂ ಕಾಲಿಡಲಿಲ್ಲ. ಯಾರೂ ಬರಬೇಡ ಅನ್ನಲಿಲ್ಲ. ಯಾರೂ ಬಾ ಅಂತಲೂ ಕರೆಯಲಿಲ್ಲ. ಗಂಡ ಇಲ್ಲದವಳು ಹಸೆ ಹಾಡು ಎತ್ತಬಾರದು ಎಂಬುದು ನಮ್ಮಲ್ಲಿ ಬಾಯಿಬಿಟ್ಟು ಹೇಳುವ ಮಾತೇ ಅಲ್ಲ, ಕುಂಕುಮದ ಬಟ್ಟಲು ಅವಳನ್ನು ದಾಟಿ ಪಕ್ಕದವಳ ಹತ್ತಿರ ಹೋಗುತ್ತದೆ, ಅಷ್ಟೆ.

ಈಗ ಲಿಸ್ಟ್ ಬಂದಿತ್ತು. ಕಡೇ ಸುತ್ತಿನ ನಿಯಮ ಏನೆಂದರೆ, ಲಿಸ್ಟಿನಲ್ಲಿರುವ ತಂಡದವರು ಬೆಂಗಳೂರಿನ ಒಂದು ಸಭಾಂಗಣದಲ್ಲಿ ತೀರ್ಪುಗಾರರ ಎದುರು ಆಲ್ಬಮ್ಮಿನ ಒಂದು ಹಾಡನ್ನು ನುಡಿಸಿ ತೋರಿಸಬೇಕು. ಯಾವುದು ಎಂದು ಅವರೇ ಆರಿಸುತ್ತಾರೆ. ನಮ್ಮದರಲ್ಲಿ ಅವರು ಆರಿಸಿದ್ದು ಹಸೆ ಹಾಡನ್ನು.

ಸಾರ್ ಮುಖದ ನಗು ಆಗಲೇ ಅರ್ಧ ಆಗಿತ್ತು. ಪಕ್ಕದ ಬಾಗಿಲು ಅವರಿಗೂ ಕಾಣುತ್ತಿತ್ತಲ್ಲ.

“ದೊಡ್ಡಮ್ಮ ಬರ್ತಾರಾ?” ಅಂದರು. ಅಕ್ಕನನ್ನು ಅವರು ಕರೆಯುವುದು ದೊಡ್ಡಮ್ಮ ಎಂದು.

“ಬರಲ್ಲ ಸಾರ್.”

“ಒಬ್ಬರು ಬದಲಾದ್ರೆ ಒಪ್ತಾರಂತೆ. ಫೋನಲ್ಲಿ ಕೇಳ್ದೆ. ನೀವು ಎತ್ಕೊಡಿ, ಇನ್ನೊಬ್ಬರನ್ನ ಹಿಂದೆ ಹಾಕೋಣ.”

“ನನಗೆ ಗೊತ್ತಿರೋದು ಹಿಂದೆ ಹಾಡೋದು,” ಅಂದೆ. ಆದರೂ ಪಾಪ, ಅವರ ಮುಖ ನೋಡಿ, ಪ್ರಯತ್ನ ಮಾಡೋಣ ಎಂದೂ ಅಂದೆ.

ಮೊದಲು ಅವರು ಅಕ್ಕನ ಧ್ವನಿಯನ್ನು ಹಳೇ ರೆಕಾರ್ಡಿಂಗಿನಿಂದಲೇ ತೆಗೆದು ಹಾಕಲು ನೋಡಿದರು. ಮಷೀನಿನ ಹುಡುಗ ಕಂಪ್ಯೂಟರ್ ಮುಂದೆ ಕೂತು ಏನೇನೋ ಮಾಡಿದ. ಮೈಕು ಒಂದೇ ಇದ್ದದ್ದರಿಂದ ನಮ್ಮಿಬ್ಬರ ಧ್ವನಿ ಒಂದಕ್ಕೊಂದು ಹೆಣೆದುಕೊಂಡಿತ್ತು. ಬಿಡಿಸಿದರೆ ಅಕ್ಕ ಹಂಡೆಯೊಳಗೆ ಕೂತು ಹಾಡಿದ ಹಾಗೆ ಕೇಳಿಸಿತು. ಅದಾದರೂ ಆಗಲಿ ಎಂದು ಎದುರು ಸ್ಪೀಕರ್ ಇಟ್ಟುಕೊಂಡು ಹಾಡಿದೆ. ನನಗೆ ಆವತ್ತು ನೆಗಡಿ, ಉಸಿರು ಸ್ವಲ್ಪ ಗಿಡ್ಡ. ಅಕ್ಕ ಎದುರಿಗಿದ್ದಿದ್ದರೆ ನನ್ನ ಮುಖ ನೋಡಿ ಒಂದು ಗಳಿಗೆ ಎಳೆದು ನಿಲ್ಲಿಸುತ್ತಿದ್ದಳು. ಸ್ಪೀಕರ್ ತನ್ನ ಪಾಡಿಗೆ ಮುಂದೆ ಹೋಯಿತು. ನಾಲ್ಕನೇ ಸಾಲಿಗೆ ನಾನು ಕೈಬಿಟ್ಟೆ.

“ಕಾಯಲ್ಲ ಸಾರ್ ಇದು,” ಅಂದೆ.

“ಪುರಿಯುದಮ್ಮಾ,” ಅಂದರು. ಅರ್ಥವಾಯಿತು ಎಂದು.

ಆಮೇಲೆ ನಮ್ಮ ಬೀದಿಯ ಇನ್ನೊಬ್ಬಾಕೆಯನ್ನು ಕರೆದೆ. ಅಕ್ಕ ಬಿಟ್ಟ ಮೇಲೆ ಮದುವೆಗಳಲ್ಲಿ ಆಕೆಯೇ ಎತ್ತಿಕೊಡುವುದು. ಒಳ್ಳೆಯ ಗಂಟಲು, ಪದಗಳೂ ಬಾಯಲ್ಲಿವೆ. ಆಕೆ ಎತ್ತಿದಳು, ನಾನು ಹಿಡಿದೆ, ಬೇಸು ಬಂತು, ಡ್ರಮ್ಸು ಬಂತು. ಎಲ್ಲಾ ಸರಿಯಾಗಿಯೇ ಇತ್ತು. ಸಾರ್ ಕೂಡ, “ನಡೆಯುತ್ತೆ,” ಅಂದರು. ಮುಗಿದು ಹೋಗಬಹುದಿತ್ತು ಅಲ್ಲಿಗೆ.

ಆದರೆ ಹಾಡುವಾಗ ನಾನು ಕೂತಿದ್ದು ಹಿತ್ತಿಲ ಕಡೆಯ ಕಿಟಕಿಯ ಪಕ್ಕ. ಒಗೆಯುವ ಕಲ್ಲಿನ ಹತ್ತಿರ ಅಕ್ಕ ಪಾತ್ರೆ ಬೆಳಗುತ್ತಿದ್ದಳು. ಹಾಡು ಶುರುವಾದ ಕೂಡಲೇ ಆ ಕರಕರ ಸದ್ದು ನಿಂತಿತು. ಹಾಸಿಗೆಯ ಸಂದಿಯಿಂದ ಬಗ್ಗಿ ನೋಡಿದೆ. ಅಕ್ಕ ಮುಸುರೆ ಕೈಯಲ್ಲೇ ತೊಡೆ ತಟ್ಟುತ್ತಾ ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಮೇಲೆ ಆಕೆ ಒಂದು ಸಾಲನ್ನು ಬೇಗ ಮುಗಿಸಿಬಿಟ್ಟಾಗ ಕೆಳಗೆ ಅಕ್ಕ ತಲೆ ಅಲ್ಲಾಡಿಸಿದಳು. ಹಾಡು ನಿಂತ ಮೇಲೆ ಬೂದಿ ಹಾಕಿ ಅದೇ ಚೊಂಬನ್ನು ಇನ್ನೊಂದು ಸಲ ಬೆಳಗಿದಳು.

ನಾನು ಕೆಳಗಿಳಿದು ಬರುವಷ್ಟರಲ್ಲಿ ಮನಸ್ಸಿನಲ್ಲೇ ತೀರ್ಮಾನ ಆಗಿಹೋಗಿತ್ತು. ತಿರುಗಿ ಮೇಲೆ ಹೋದೆ.

“ಸಾರ್, ಅಕ್ಕ ಎತ್ತಿಕೊಟ್ರೆ ನಾನು ಹಾಡ್ತೀನಿ. ಇಲ್ಲಾಂದ್ರೆ ನಾನು ಬರಲ್ಲ.”

ಅವರು ಸ್ಯಾಕ್ಸೋಫೋನಿನ ಬಾಯಿಗೆ ಬಟ್ಟೆ ಸುತ್ತುತ್ತಿದ್ದವರು ಹಾಗೇ ನಿಂತರು. “ಅಮ್ಮಾ, ನೀವೂ ಬರ್ಲಿಲ್ಲ ಅಂದ್ರೆ ನಾವು ವಾಪಸ್ ತಗೋಬೇಕು. ಇಷ್ಟು ವರ್ಷ ನುಡಿಸಿದೀನಿ, ಇಲ್ಲಿವರೆಗೂ ಬಂದಿದ್ದು ಇದೇ ಮೊದಲು.”

“ಗೊತ್ತು ಸಾರ್. ನನಗೆ ಒಂದು ವಾರ ಕೊಡಿ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ನಮ್ಮೆಜಮಾನರಿಗೆ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಾಗ ಹೇಳಿದೆ. ಮುದ್ದೆ ಮುರಿಯುತ್ತಾ, “ಅತ್ತಿಗೇನ ಯಾಕೆ ಎಳೀತೀಯ ಇದ್ರೊಳಗೆ? ಅವರ ಸಂಕಟ ಅವರಿಗೆ ಐತೆ,” ಅಂದರು.

“ಎಳೀತಾ ಇಲ್ಲ. ಅವಳ ಜಾಗ ಅವಳಿಗೆ ಬಿಡ್ತಾ ಇದೀನಿ.”

“ಅಂಗಾದ್ರೆ ಹನುಮಂತರಾಯನ ಗುಡೀಲಿ ಹೂವು ಕೇಳ್ಸು. ಬಲಕ್ಕೆ ಬಿದ್ರೆ ಯಾರೂ ತುಟಿ ಪಿಟಕ್ ಅನ್ನಲ್ಲ.”

ಈ ಮಾತು ನನ್ನನ್ನು ಎರಡು ದಿನ ತಿಂದಿತು. ನಾನು ಶನಿವಾರ ತಪ್ಪಿಸಿದವಳಲ್ಲ. ಮನೆ ಕಟ್ಟಲು ಪಾಯ ತೆಗೆದಾಗ ಹೂವು ಕೇಳಿದ್ದೇನೆ, ಮಗನಿಗೆ ಆಪರೇಷನ್ ಅಂದಾಗ ಕೇಳಿದ್ದೇನೆ. ಮೂರ್ತಿಯ ಬಲಭುಜದಿಂದ ಹೂವು ಜಾರಿದರೆ ಅಪ್ಪಣೆ, ಎಡದಿಂದ ಜಾರಿದರೆ ಬೇಡ. ಎಡಕ್ಕೆ ಬಿದ್ದ ಮೇಲೆ ಮೀರುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ. ಗುಡಿಗೆ ಹೋದೆ, ತುಪ್ಪದ ದೀಪ ಇಟ್ಟೆ, ಪೂಜಾರಪ್ಪ ತಾವೇ, “ಏನಾರ ಕೇಳೋದಿತ್ತೇನಮ್ಮ?” ಅಂದರು. ಅಪ್ಪಣೆ ಕೇಳಬೇಕಾದ್ದು ತಪ್ಪೋ ಸರಿಯೋ ಗೊತ್ತಿಲ್ಲದ ಕೆಲಸಕ್ಕೆ. ಇದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದರೆ ನನ್ನ ಹೊರೆಯನ್ನು ಆ ಸ್ವಾಮಿಯ ಭುಜದ ಮೇಲೆ ಇಟ್ಟ ಹಾಗೆ. “ಏನೂ ಇಲ್ಲ ಪೂಜಾರಪ್ಪ, ತೀರ್ಥ ಕೊಡಿ,” ಅಂದು ತೆಗೆದುಕೊಂಡು ಬಂದೆ.

ಬಂದವಳೇ ಅಕ್ಕನ ಅಡುಗೆಮನೆಗೆ ಹೋದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಕಂತೆ ಎಳೆದುಕೊಂಡು ಕೂತೆ.

“ಅವತ್ತು ನೀನು ತಲೆ ಅಲ್ಲಾಡ್ಸಿದ್ದು ನೋಡ್ದೆ,” ಅಂದೆ.

“ಏನು ತಲೆ?”

“ಆಯಮ್ಮ ಸಾಲು ಬೇಗ ಮುಗಿಸ್ದಾಗ.”

ಅಕ್ಕ ಕಡ್ಡಿ ಮುರಿದು ಎಸೆದಳು. “ಮಾವಿನೆಲೆ ತೋರಣದ ಸಾಲು ಅಷ್ಟುದ್ದ ಇದ್ರೆ ಅವಳು ಇಷ್ಟೇ ಕಟ್ಟಿ ಬಿಟ್ಳು. ಅದ್ಕೆ.”

“ಅಂಗಾದ್ರೆ ಬಂದು ನೀನೇ ಕಟ್ಟು.”

“ಸುಮ್ಕಿರೇ.”

“ಯಾಕೆ ಸುಮ್ಕಿರ್ಲಿ? ಜನ ಏನಂತಾರೆ ಅಂತಾನಾ?”

“ಜನಕ್ಕೆ ಬೆಂಕಿ ಬೀಳ. ಜನ ಏನಂದ್ರೆ ನನಗೇನೇ? ನನ್ನ ಮಗಳು ಏಳು ತಿಂಗಳ ಬಸುರಿ. ಅವತ್ತು ಹಸೆ ಮ್ಯಾಲೆ ಕೂರಿಸ್ಕೊಂಡು ಹಾಡಿದ್ದು ಅವಳ್ನೇ. ಈಗ ಈ ಬಾಯಲ್ಲಿ ಅದೇ ಹಾಡು ಎತ್ತಿ, ಅವಳಿಗೋ ಹೊಟ್ಟೇಲಿರೋದಕ್ಕೋ ಒಂದು ಹೆಚ್ಚು ಕಮ್ಮಿ ಆಯ್ತು ಅನ್ನು. ನಿನ್ನ ಪ್ರಶಸ್ತಿ ತಗೊಂಡು ನಾನೇನು ಮಾಡ್ಲಿ?”

ಅವಳು ಹೆದರುತ್ತಿದ್ದದ್ದು ಊರಿಗಲ್ಲ, ಮಗಳಿಗಾಗಿ. ಸೊಪ್ಪು ಪೂರ್ತಿ ಬಿಡಿಸಿಕೊಟ್ಟು ಎದ್ದೆ. ಅವಳ ಹೆದರಿಕೆ ತೆಗೆಯುವುದು ನನ್ನ ಕೈಲಾಗುವುದಿಲ್ಲ, ಆ ಮಗಳ ಕೈಲೇ ಆಗಬೇಕು ಅನ್ನಿಸಿತು.

ಮಾರನೇ ದಿನ ಕೆಲಮಂಗಲದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ದಾರಿಯುದ್ದಕ್ಕೂ ಬಿಸಿಲು ಇನ್ನೊಂದು ಮಗ್ಗುಲಿಗೇ ಇತ್ತು. ಅಕ್ಕನ ಮಗಳ ಅತ್ತೆ ಮನೆಯವರು ಊರಾಚೆ ಗುಲಾಬಿ ಬೆಳೆಯುತ್ತಾರೆ. ಬೀಗಿತ್ತಿ ಬಲು ಗಟ್ಟಿಗಿತ್ತಿ. ಮಾತಿನಲ್ಲಿ ಕನ್ನಡ ಎಷ್ಟೋ ತೆಲುಗು ಅಷ್ಟೇ. ಹೂವಿನ ಕಟ್ಟು ಎಣಿಸುತ್ತಾ ಕೂತಿದ್ದವರು ನನ್ನನ್ನು ನೋಡಿ, “ಏಮಮ್ಮಾ ಮತ್ತಿಗಿರಿಯಮ್ಮಾ, ಬರಿಗೈಲಿ ಬಂದವ್ರೆ ಅಂದ್ರೆ ಏನೋ ಕೇಳಾಕೆ ಬಂದವ್ರೆ,” ಅಂದರು. ಬರಿಗೈಯಲ್ಲ, ಹಿದುಕಿದ ಬೇಳೆಯ ಸಾರು ಡಬ್ಬಿಯಲ್ಲಿತ್ತು. ತೆಗೆದು ಕೊಟ್ಟೆ. ಆದರೆ ಕೇಳಲು ಬಂದದ್ದಂತೂ ನಿಜ.

ಬಳಸಿ ಹೇಳಲು ನನಗೆ ಬರುವುದಿಲ್ಲ. ಹಸೆ ಹಾಡು, ಜಾಝ್, ಬೆಂಗಳೂರು, ಅಕ್ಕನ ಹೆದರಿಕೆ, ಎಲ್ಲ ಹೇಳಿ, “ಮಗಳು ಬಂದು ಹಸೆ ಮೇಲೆ ಕೂತ್ರೆ ಅಕ್ಕ ಹಾಡ್ತಾಳೆ. ಅವಳ್ನ ಕಳಿಸಿಕೊಡಿ,” ಅಂದೆ.

ಬೀಗಿತ್ತಿಯ ಕೈ ಹೂವಿನ ಮೇಲೆ ನಿಂತಿತು. “ನಮ್ಮನೆ ಬಸುರೀನ ಕರ್ಕೊಂಡೋಗಿ ಸ್ಟೇಜ್ ಮ್ಯಾಲೆ ಕೂರಿಸ್ತೀರ. ಅದೂ ಸೂತಕದ ಬಾಯಿ ಹಾಡಿಗೆ.”

“ಸೂತಕ ಹನ್ನೊಂದಕ್ಕೇ ಕಳೀತು ಅಮ್ಮಾ.”

“ನಿಮ್ಗೆ ಕಳೀತು. ಹೂವು ಕೇಳ್ಸಿದ್ರಾ?”

“ಇಲ್ಲ.”

“ಯಾಕೆ?”

“ಹೋದ ತಿಂಗಳು ಮಗಳು ತವರಿಗೆ ಬಂದಿದ್ದಾಗ ಅಕ್ಕಾನೇ ತಲೆಗೆ ಎಣ್ಣೆ ಹಚ್ಚಿ ನೀರು ಹುಯ್ದಿದ್ದು. ವಾಂತಿ ಮಾಡ್ಕೊಂಡಾಗ ಕೈಯೊಡ್ಡಿದ್ದು ಅಕ್ಕಾನೇ. ಆವಾಗ ನೀವೂ ಹೂವು ಕೇಳ್ಸಿಲ್ಲ, ನಾನೂ ಕೇಳ್ಸಿಲ್ಲ. ಎಣ್ಣೆ ಹಚ್ಚೋ ಕೈ ಆಗ್ತದೆ ಅಂದ್ರೆ ಹಾಡೋ ಬಾಯಿ ಯಾಕಾಗಲ್ಲ ಅಂತ ನನಗೆ ತಿಳೀಲಿಲ್ಲ. ನಿಮಗೆ ತಿಳಿದ್ರೆ ಹೇಳಿ, ಈಗ್ಲೇ ಬಸ್ ಹತ್ತಿ ವಾಪಸ್ ಹೋಗ್ತೀನಿ.”

ಬೀಗಿತ್ತಿ ಹೂವಿನ ಕಟ್ಟು ಬದಿಗೆ ಸರಿಸಿದರು. ಬಾಗಿಲ ಹಿಂದೆ ನಿಂತಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಹೊರಗೆ ಬಂದಳು. “ಅತ್ತೆ, ನಾನು ಹೋಗ್ತೀನಿ,” ಅಂದಳು. “ಅವ್ವ ಹಾಡೋದು ಬಿಟ್ಟ ಮ್ಯಾಲೆ ಅವಳ ಫೋನಲ್ಲಿ ಮಾತೇ ಇಲ್ಲ. ಉಂಡ್ಯಾ, ಮಲಗಿದ್ಯಾ, ಅಷ್ಟೇ. ನನಗೆ ಹೆದರಿಕೆ ಆಗೋದು ಅದಕ್ಕೆ.”

ಬೀಗಿತ್ತಿ ಸೊಸೆಯನ್ನು ನೋಡಿದರು, ಡಬ್ಬಿಯ ಮುಚ್ಚಳ ತೆಗೆದು ಸಾರಿನ ವಾಸನೆ ನೋಡಿದರು. ಆಮೇಲೆ, “ನಾನೂ ಬತ್ತೀನಿ. ನನ್ನ ಕಣ್ಮುಂದೇನೇ ಕೂರ್ಬೇಕು ಅವಳು,” ಅಂದರು. ಅದು ಒಪ್ಪಿಗೆಯೋ ಪಹರೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಮಗಳು ಮನೆಗೆ ಬಂದು ಅಕ್ಕನಿಗೆ ಏನು ಹೇಳಿದಳೋ ನನಗೆ ತಿಳಿಯದು, ನಾನು ಗೋಡೆಗೆ ಕಿವಿಗೊಡಲಿಲ್ಲ. ಸಾಯಂಕಾಲ ಅಕ್ಕ ಹಿತ್ತಿಲಲ್ಲಿ ಬಟ್ಟೆ ಹರವುತ್ತಾ, ನನ್ನ ಕಡೆ ನೋಡದೆ, “ನಾಳೆ ಎಷ್ಟೊತ್ತಿಗೆ ಮೇಲಕ್ಕೆ ಬರ್ಬೇಕಂತೆ?” ಅಂದಳು.

ಅಭ್ಯಾಸ ಸಲೀಸಾಗಿ ಏನೂ ಆಗಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಗಂಟಲು. ಮೊದಲ ದಿನ ಮೇಲಿನ ಸಾಲಿಗೆ ಹೋಗುವಷ್ಟರಲ್ಲಿ ಬಿರಿಯಿತು. ಸಾರ್, “ಕೆಳಗಿಂದಲೇ ಶುರು ಮಾಡಿ ದೊಡ್ಡಮ್ಮ, ನಮಗೆ ಕಷ್ಟ ಇಲ್ಲ,” ಅಂದರು. ಬೇಸಿನವರು ತಂತಿಯ ಕಿವಿ ತಿರುವಿ ತಗ್ಗಿಸಿಕೊಂಡರು. ಆಮೇಲೆ ಡ್ರಮ್ಸ್ ಹುಡುಗಿ ಎರಡು ಸಲ ತಪ್ಪಿದಳು. ಯಾವತ್ತೂ ತಪ್ಪದವಳು. ಮೂರನೇ ಸಲ ತಾನೇ ನಿಲ್ಲಿಸಿ, “ನನಗೆ ಏನೋ ಕೇಳಿಸ್ತಾ ಇಲ್ಲ,” ಅಂದಳು.

ಏನು ಎಂದು ಯಾರಿಗೂ ಹೊಳೆಯಲಿಲ್ಲ. ಹಳೇ ರೆಕಾರ್ಡಿಂಗ್ ಹಾಕಿ ಕೇಳಿದೆವು. ಸಾಲಿನ ಕೊನೆಗೆ ಅಕ್ಕ ತೊಡೆ ತಟ್ಟಿದಾಗ ಗಾಜಿನ ಬಳೆ ಝಲ್ ಎನ್ನುತ್ತಿತ್ತು. ಆ ಹುಡುಗಿ ಲೆಕ್ಕ ಇಟ್ಟುಕೊಂಡಿದ್ದು ಅದರ ಮೇಲೆ. ನಾವು ಪದ್ಯದ ಕೊನೆಯಲ್ಲಿ ಉಸಿರಿಗೆ ತಕ್ಕ ಹಾಗೆ ಒಂದಿಷ್ಟು ಎಳೆಯುತ್ತೇವೆ, ಅದು ಅವಳ ತಾಳಕ್ಕೆ ಸಿಕ್ಕುವಂಥದ್ದಲ್ಲ. ಬಳೆಯೇ ದಾರಿ ತೋರಿಸುತ್ತಿದ್ದದ್ದು. ಈಗ ಕೈ ಬರಿದಾಗಿತ್ತು.

ಕೋಣೆಯಲ್ಲಿ ಎಲ್ಲರೂ ಅಕ್ಕನ ಕೈ ನೋಡಿ, ಆಮೇಲೆ ನೋಡಬಾರದಿತ್ತೆಂದು ಬೇರೆಲ್ಲೋ ನೋಡಿದರು. ನನ್ನ ಬಳೆ ನಾಲ್ಕು ಬಿಚ್ಚಿ ಕೊಡಲೇ ಅನ್ನಿಸಿತು. ಅಕ್ಕ ನನ್ನ ಮನಸ್ಸು ಓದಿದವಳ ಹಾಗೆ, “ಬ್ಯಾಡ ಕಣೇ. ಹಾಡ್ತೀನಿ, ಬಳೆ ಬ್ಯಾಡ,” ಅಂದಳು. ನಾನೇ ತಟ್ಟಿ ನೋಡಿದೆ. ಹಿಂದೆ ಹಾಡುವವಳ ತಟ್ಟು ಒಂದು ಕೂದಲೆಳೆ ತಡವಾಗಿಯೇ ಬೀಳುತ್ತದೆ. ಆಗಲಿಲ್ಲ.

ಡ್ರಮ್ಸ್ ಹುಡುಗಿ ತನ್ನ ಸಾಮಾನನ್ನೆಲ್ಲ ತಿರುಗಿಸಿ ಅಕ್ಕನ ನೇರಕ್ಕೆ ಇಟ್ಟುಕೊಂಡಳು. “ಸದ್ದು ಬೇಡ. ಕೈ ನೋಡ್ಕೊಂಡು ನುಡಿಸ್ತೀನಿ ಅಮ್ಮ,” ಅಂದಳು. ಆಮೇಲೆ ತಪ್ಪಲಿಲ್ಲ. ಬಳೆಯ ಸದ್ದು ಇದ್ದ ಕಡೆ ಬೇರೇನಾದರೂ ಹಾಕೋಣವೇ ಎಂದು ಮಷೀನಿನ ಹುಡುಗ ಕೇಳಿದ್ದಕ್ಕೆ ಸಾರ್, “ಏನೂ ಹಾಕ್ಬೇಡ. ಖಾಲಿ ಇರ್ಲಿ,” ಅಂದರು.

ಒಂದು ಮಾತ್ರ ನಾವು ಯಾರೂ ಬಾಯಿಬಿಡದೆ ಉಳಿಸಿಕೊಂಡೆವು. ಹಸೆಗೆ ಕರೆಯುವ ಹಾಡಿನಲ್ಲಿ ಕೊನೆಯ ಪದ್ಯ ಮದುವಣಗಿತ್ತಿಯ ಅಪ್ಪನನ್ನು ಕರೆಯುವುದು. ಬಂದು ಅಕ್ಷತೆ ಹಾಕು ಎಂದು. ಅಭ್ಯಾಸದಲ್ಲಿ ಅದಕ್ಕೆ ಮುಂಚಿನ ಪದ್ಯಕ್ಕೇ ಅಕ್ಕ ನಿಲ್ಲಿಸಿಬಿಡುತ್ತಿದ್ದಳು. ಹಸೆ ಹಾಡಿನಲ್ಲಿ ಪದ್ಯ ಬಿಡುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಸಾರಿಗೆ ನಾನು, “ಕೊನೇದು ಅವತ್ತಿನ ದಿನ ಬರ್ತದೆ,” ಎಂದಷ್ಟೇ ಹೇಳಿದ್ದೆ.

ಬೆಂಗಳೂರಿಗೆ ವ್ಯಾನಿನಲ್ಲಿ ಹೋದೆವು. ಬೀಗಿತ್ತಿ ಸೊಸೆಯ ಬೆನ್ನಿಗೆ ಎರಡು ದಿಂಬು ಇಟ್ಟು, ಡ್ರೈವರನಿಗೆ ರಸ್ತೆಯ ಪ್ರತಿ ಉಬ್ಬಿಗೂ ಮೊದಲೇ ಬೈಯುತ್ತಾ ಬಂದರು. ಸಭಾಂಗಣ ತಣ್ಣಗಿತ್ತು, ದೀಪಕ್ಕೆ ಗಾಳಿ ಬಡಿಯಲಿಲ್ಲ. ಸ್ಟೇಜಿನ ಹಲಗೆಯ ಮೇಲೆ ರಂಗೋಲಿ ಬಿಟ್ಟೆ, ಮಣೆ ಇಟ್ಟೆ, ಮಗಳನ್ನು ಕೂರಿಸಿ ಸೆರಗು ಹೊದಿಸಿದೆ. ಅಲ್ಲಿಯವರು ಯಾರೂ ಬೇಡ ಅನ್ನಲಿಲ್ಲ. ತೀರ್ಪುಗಾರರು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಬೀಗಿತ್ತಿ ಕೈ ಕಟ್ಟಿಕೊಂಡು.

ಅಕ್ಕ ಕೂತಳು. ಮಂಡಿಗೆ ಮಂಡಿ ತಾಗಿಸಿದೆ. ಮೈಕಿನ ಕೆಂಪು ದೀಪ ಹತ್ತಿತು. ಅಕ್ಕ ಬಾಯಿ ತೆರೆಯಲಿಲ್ಲ. ಸಾರ್ ಸ್ಯಾಕ್ಸೋಫೋನ್ ತುಟಿಗೆ ಹಿಡಿದು ಕಾಯುತ್ತಿದ್ದರು. ಸಭೆಯಲ್ಲಿ ಯಾರೋ ಕೆಮ್ಮಿದರು.

ಮಣೆಯ ಮೇಲಿಂದ ಮಗಳು, ಪಿಸುಮಾತು ಎಂದುಕೊಂಡು, ಮೈಕಿನ ಪಕ್ಕದಲ್ಲೇ, “ಅವ್ವ, ಕಾಲು ಜೋಮು ಹಿಡೀತಾ ಐತೆ. ಬಿರ್ರನೆ ಎತ್ಕೊ,” ಅಂದಳು.

ಇಡೀ ಸಭಾಂಗಣಕ್ಕೆ ಕೇಳಿಸಿತು. ಕನ್ನಡ ಬರುವವರು ನಕ್ಕರು, ಬಾರದವರು ಅವರನ್ನು ನೋಡಿ ನಕ್ಕರು. ಅಕ್ಕನಿಗೂ ನಗು ಬಂತು. ಆ ನಗುವಿನ ಬಾಲ ಹಿಡಿದೇ ಅವಳು ಹಾಡು ಎತ್ತಿದಳು. ಅಭ್ಯಾಸಕ್ಕಿಂತ ಒಂದು ಮೆಟ್ಟಿಲು ಮೇಲಿಂದ. ಬೇಸಿನವರ ಬೆರಳು ಒಂದು ಕ್ಷಣ ತಂತಿಯ ಮೇಲೆ ಹುಡುಕಾಡಿ ಸಿಕ್ಕಿಸಿಕೊಂಡಿತು. ದೀಪ ಆಯಿತು, ಮಾವಿನ ತೋರಣ ಆಯಿತು, ಈ ಸಲ ಉದ್ದಕ್ಕೆ ಕಟ್ಟಿದಳು. ಸೋದರಮಾವನ ಪದ್ಯ ಆದ ಮೇಲೆ ಸಾರ್ ತಮ್ಮ ಪಾಡಿಗೆ ಸುಮಾರು ದೂರ ಹೋಗಿ ಅಲೆದು ಬಂದು, ಬಾಗಿಲಲ್ಲಿ ನಿಂತು ಅಕ್ಕನ ಕಡೆ ನೋಡಿದರು.

ಕೊನೆಯ ಪದ್ಯ. ಅಕ್ಕನ ಕೈ ತೊಡೆಯ ಮೇಲೆ ಎದ್ದದ್ದು ಹಾಗೇ ನಿಂತಿತು. ಡ್ರಮ್ಸ್ ಹುಡುಗಿಯ ಕೈಯೂ ಗಾಳಿಯಲ್ಲಿ ನಿಂತಿತು. ಬೇಸು ನಿಂತಿತು.

ನನಗೆ ಪದ್ಯ ಬಾಯಲ್ಲಿತ್ತು. ಎತ್ತಿಕೊಡಬಹುದಿತ್ತು. ಕೊಡಲಿಲ್ಲ. ಎತ್ತಿದ್ದರೆ ಹಾಡು ಉಳಿಯುತ್ತಿತ್ತು, ಅವಳ ಜಾಗ ಹೋಗುತ್ತಿತ್ತು. ಸಾರ್ ಕೂಡ ಬಾಯಿಂದ ಸ್ಯಾಕ್ಸೋಫೋನ್ ತೆಗೆದುಬಿಟ್ಟರು. ತಮ್ಮ ಇಷ್ಟು ವರ್ಷದ ಕೆಲಸ ಆ ಮೌನದ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಅವರು ಕಾದರು. ನಾನು ಅಕ್ಕನ ಬಾಯಿಯನ್ನೇ ನೋಡುತ್ತಾ ಮನಸ್ಸಿನಲ್ಲಿ ಹನುಮಂತರಾಯನನ್ನು ನೆನೆದೆ. ಏನನ್ನೂ ಕೇಳಿಕೊಳ್ಳಲಿಲ್ಲ, ಸುಮ್ಮನೆ ಹೆಸರು ಹೇಳಿದೆ.

ಅಕ್ಕ ಮಗಳನ್ನು ನೋಡಿದಳು. ಉಸಿರು ತೆಗೆದುಕೊಂಡು ಅಪ್ಪನನ್ನು ಕರೆದಳು. ಗಂಟಲು ಬಿರಿಯಲಿಲ್ಲ. ಬಾರಪ್ಪಾ ಎಂದು ಬಾಗಿಲಲ್ಲಿ ನಿಂತವರನ್ನು ಕರೆದ ಹಾಗೆ ಕರೆದಳು. ಅವಳ ಕಡೆಯ ಉಸಿರಿನ ಮೇಲೆ ನನ್ನ ಸಾಲು ಹತ್ತಿಕೊಂಡಿತು. ಸಂದು ಇರಲಿಲ್ಲ.

ಇಳಿದು ಬಂದಾಗ ಬೀಗಿತ್ತಿ ಸೊಸೆಯ ಕಾಲು ತಿಕ್ಕುತ್ತಾ ಕೂತಿದ್ದರು. ಅಕ್ಕನ ಮುಖ ನೋಡಲಿಲ್ಲ. ಬುತ್ತಿಯ ಬಟ್ಟೆ ಬಿಚ್ಚಿ ಮೊದಲ ರೊಟ್ಟಿ ಅಕ್ಕನ ಕೈಗೆ ಹಾಕಿದರು. “ಉಣ್ಣಮ್ಮಾ, ಒಣಗೋಗಿದೀಯ,” ಅಂದರು.

ಫಲಿತಾಂಶ ಬಂದದ್ದು ಶಿವರಾತ್ರಿ ಕಳೆದ ಮೇಲೆ. ಪ್ರಶಸ್ತಿ ನಮ್ಮ ಆಲ್ಬಮ್ಮಿಗೇ ಆಯಿತು. ಸಾರ್ ಈ ಸಲ ಎರಡು ಕಾಲಿಗೂ ಚಪ್ಪಲಿ ಇಲ್ಲದೆ ಬಂದು, ಹೇಳಲು ಆಗದೆ ಫೋನನ್ನೇ ನನ್ನ ಮುಖಕ್ಕೆ ಹಿಡಿದರು. ಇಂಗ್ಲಿಷಿನಲ್ಲಿತ್ತು, ನಮ್ಮಿಬ್ಬರ ಹೆಸರನ್ನು ಬೆರಳಿಟ್ಟು ತೋರಿಸಿದರು. ಅಕ್ಕನ ಹೆಸರು ಮೊದಲಿತ್ತು. ಅವಳಿಗೆ ಹೇಳಿದರೆ, “ಸರಿ ಬಿಡು, ಆ ಸಾರ್‌ಗೆ ಒಳ್ಳೇದಾಯ್ತಲ್ಲ,” ಅಂದು ಒಣಗಿದ ಬಟ್ಟೆ ಮಡಿಸಿದಳು. ನನಗೆ ಸ್ವಲ್ಪ ಪೆಚ್ಚೆನಿಸಿತು.

ಅವತ್ತೇ ಮಧ್ಯಾಹ್ನ ಬೀಗಿತ್ತಿಯ ಫೋನು ಬಂತು. ಮಗಳಿಗೆ ಒಂಬತ್ತನೇ ತಿಂಗಳಿಗೆ ಸೀಮಂತ ಇಟ್ಟುಕೊಂಡಿದ್ದರು. ಬಳೆಗಾರನಿಗೆ ಹೇಳಿದ್ದು, ಚಿತ್ರಾನ್ನಕ್ಕೆ ಎಷ್ಟು ಅಕ್ಕಿ ಎಂದು, ಎಲ್ಲಾ ಮಾತಾಡಿದರು. ಕೊನೆಗೆ, ಇಡುವ ಮುಂಚೆ, “ಹಾಡೋರ್ನ ನಾನು ಯಾರ್ನೂ ಕರ್ದಿಲ್ಲ. ಎತ್ತಿಕೊಡಾಕೆ ನಿಮ್ಮಕ್ಕ ಇದ್ದಾಳಲ್ಲ,” ಅಂದರು. “ಆದ್ರೆ ಅವತ್ತಿನಂಗೆ ಎಳೀಬ್ಯಾಡ ಅನ್ನು. ಜನ ಉಣ್ಬೇಕು.”

ಗೋಡೆಯ ಈಚೆಯಿಂದಲೇ ಕೂಗಿ ಹೇಳಿದೆ. ಆಚೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಕ್ಕ, “ಎಳ್ದೇ ಎಳೀತೀನಿ ಅಂತ ಹೇಳು!” ಎಂದು ಕೂಗಿದಳು.

ನಾನು ನಗುತ್ತಾ ಫೋನು ಕಿಟಕಿಯ ಮೇಲಿಟ್ಟೆ. ಗ್ರೈಂಡರಿನಲ್ಲಿ ಉದ್ದು ರುಬ್ಬಿ ಉಕ್ಕಲು ಬಂದಿತ್ತು. ಅದನ್ನು ಬಳಿದು ತೆಗೆದು, ಒಂದು ಹಿಡಿ ಉಪ್ಪು ಹಾಕಿ, ನೆಂದ ಅಕ್ಕಿಯನ್ನು ಸುರಿದು ಮತ್ತೆ ಸ್ವಿಚ್ ಒತ್ತಿದೆ.